ತೊಳೆಯಬಾರದ ಪೆಟ್ಟಿಗೆಗಳು

ನನ್ನ ಕೆಲಸ ತೊಳೆಯುವುದು. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಆಪರೇಷನ್ ಥಿಯೇಟರಿನಿಂದ ಬರುವ ಕತ್ತರಿ, ಚಿಮಟ, ಟ್ರೇಗಳನ್ನು ತಿಕ್ಕಿ, ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಬಿಸಿ ಹಬೆಯ ಆಟೋಕ್ಲೇವಿಗೆ ಇಡುವ ವಿಭಾಗದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಭದ್ರಾವತಿಯ ಜನ್ನಾಪುರದಿಂದ ಬೆಳಗಿನ ಬಸ್ಸಿಗೆ ಹೊರಟು ಸಂಜೆ ಅದೇ ದಾರಿಯಲ್ಲಿ ವಾಪಸಾಗುತ್ತೇನೆ. ಹೊಸದಾಗಿ ಸೇರುವ ಹುಡುಗಿಯರಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತೇನೆ: ಕೊಳೆ ತೆಗೆಯದೆ ಬಿಸಿ ಕೊಟ್ಟರೆ ಕೊಳೆಯೇ ಬೆಂದು ಗಟ್ಟಿಯಾಗುತ್ತದೆ, ಬೇರೇನೂ ಆಗುವುದಿಲ್ಲ. ಇಂಥವಳ ಮನೆಯಿಂದ ರೋಗದ ಪೆಟ್ಟಿಗೆಗಳು ತೊಳೆಯದೆ ಹೊರಗೆ ಹೋದವು ಎಂದರೆ ನಗುವವರು ನಗಬಹುದು. ನನಗೆ ಆಗ ನಗುವೂ ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ.

ನನ್ನ ಗಂಡ ಫಿಟ್ಟರ್ ಆಗಿದ್ದರು. ಕೆಲಸದಿಂದ ಬಂದು ಕೈಕಾಲು ತೊಳೆದರೆ ನೇರ ತಾರಸಿಗೆ. ಅಲ್ಲಿ ಅವರ ಜೇನು ಪೆಟ್ಟಿಗೆಗಳಿದ್ದವು. ನಾನು ಹತ್ತಿರ ಹೋದವಳಲ್ಲ. "ನೀನು ಬರಬೇಡ ಮಾರಾಯ್ತಿ, ನಿನ್ನ ಆಸ್ಪತ್ರೆ ವಾಸನೆಗೆ ಅವು ಸಿಟ್ಟಾಗ್ತವೆ" ಎಂದು ಕಾಡಿಸುತ್ತಿದ್ದರು. ನನಗೂ ಅದು ಅನುಕೂಲವೇ ಆಗಿತ್ತು. ಕಳೆದ ಮಳೆಗಾಲದಲ್ಲಿ ಪೆಟ್ಟಿಗೆಗಳು ಒಂದೊಂದಾಗಿ ಖಾಲಿಯಾದವು. ಕೊನೆಗೆ ಮೂರು ಪೆಟ್ಟಿಗೆಗಳ ಬಾಯಿಗೂ ಹಳೆಯ ಪೇಪರು ತುರುಕಿ, ತಂತಿ ಬಿಗಿದು, ನೀರಿನ ಟ್ಯಾಂಕಿನ ಹಿಂದೆ ಒಂದರ ಮೇಲೊಂದು ಇಟ್ಟರು. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಅರ್ಧ ಲೋಟ ಚಹಾ ಕುಡಿದು, ಎದೆ ಬಿಗಿ ಅಂದರು. ಗೋಡೆಗೆ ಒರಗಿದರು. ಆಟೋ ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ನಾನು ಅಳುವುದನ್ನು ಜನ ಕಾದರು. ಅತ್ತೆ ಎದೆ ಬಡಿದುಕೊಂಡರು. ಸೋಗಾನೆಯಿಂದ ಬಂದ ನಾದಿನಿ ಅಣ್ಣನ ಮೈಮೇಲೆ ಬಿದ್ದು ಏಳಲೇ ಇಲ್ಲ. ನಾನು ಮಾತ್ರ ಬಂದವರಿಗೆ ಚಾಪೆ ಹಾಸಿದೆನಾ, ವಿಭೂತಿ ತಂದರಾ, ಹೂವಿನವನಿಗೆ ಹೇಳಿದರಾ ಎಂದು ನೋಡಿಕೊಂಡು ಓಡಾಡಿದೆ. "ಗಟ್ಟಿಗಿತ್ತಿ" ಎಂದರು ಕೆಲವರು. ಅದು ಹೊಗಳಿಕೆಯೋ ಚುಚ್ಚುಮಾತೋ ಗೊತ್ತಾಗಲಿಲ್ಲ. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಎರಡು ಜೊತೆ ಗ್ಲೌಸು ಹಾಕಿಕೊಂಡು ಎಲ್ಲವನ್ನೂ ಮುಟ್ಟುತ್ತಿದ್ದ ಹಾಗೆ ಇತ್ತು. ಅನ್ನ ತಿಂದರೆ ಅನ್ನ ಎಂದು ಗೊತ್ತಾಗುತ್ತಿತ್ತು, ರುಚಿ ಗೊತ್ತಾಗುತ್ತಿರಲಿಲ್ಲ.

ನನ್ನ ಗಂಡನ ಮನೆತನದಲ್ಲಿ ಒಂದು ಪದ್ಧತಿ ಇದೆ. ಶಿವಗಣಾರಾಧನೆಯ ದಿನ, ಊಟದ ಪಂಕ್ತಿ ಎದ್ದ ಮೇಲೆ, ಹೋದವರು ದಿನಾ ಕೈಯಲ್ಲಿ ಹಿಡಿಯುತ್ತಿದ್ದ ಸಾಮಾನುಗಳನ್ನು ಹತ್ತಿರದವರಿಗೆ ಹಂಚಬೇಕು. ಒರೆಸಬಾರದು, ತೊಳೆಯಬಾರದು. ಅವರ ಕೈಯ ಬೆವರು ಹೇಗಿತ್ತೋ ಹಾಗೇ ಹೋಗಬೇಕು. ಕೊಟ್ಟ ಮೇಲೆ ವಾಪಸ್ ಕೇಳುವುದಂತೂ ಇಲ್ಲವೇ ಇಲ್ಲ. ಮಾವ ತೀರಿಕೊಂಡಾಗ ಅವರ ಎಲೆಯಡಿಕೆ ಪೆಟ್ಟಿಗೆಯನ್ನು ಸುಣ್ಣದ ಕಲೆಯ ಸಮೇತ ಕೊಟ್ಟಿದ್ದರು. ಈ ಸಲ ಏನು ಕೊಡುವುದು ಎಂದು ಯಾರೂ ಯೋಚಿಸಬೇಕಾಗಲಿಲ್ಲ. ಅತ್ತೆ ತಾರಸಿಯ ಕಡೆ ಕೈ ತೋರಿಸಿದರು. ಒಂದು ಪೆಟ್ಟಿಗೆ ನಾದಿನಿಗೆ. ಅವಳ ಹಿತ್ತಿಲಲ್ಲಿ ಆಗಲೇ ಅಣ್ಣ ಮಾಡಿಕೊಟ್ಟ ನಾಲ್ಕು ಜೇನು ಗೂಡುಗಳಿದ್ದವು. ಇನ್ನೊಂದು, ಹಳೇ ಭದ್ರಾವತಿಯಲ್ಲಿರುವ ಮೈದುನನಿಗೆ. ಮೂರನೆಯದರ ತಳ ಸೀಳಿತ್ತು, ಅದನ್ನು ಯಾರೂ ಕೇಳಲಿಲ್ಲ. ಪೆಟ್ಟಿಗೆಗಳು ಮೆಟ್ಟಿಲಿಳಿದು ಹೋಗುವುದನ್ನು ನಾನು ಕುಂಕುಮವಿಲ್ಲದ ಮುಖ ಹೊತ್ತು ಕೂತಲ್ಲಿಂದಲೇ ನೋಡಿದೆ.

ಆಮೇಲೆ ಕೆಲಸಕ್ಕೆ ಹೋಗತೊಡಗಿದೆ. ಮನೆಯಲ್ಲಿ ಇನ್ನೊಂದು ವಸ್ತು ಉಳಿದಿತ್ತು, ಅದು ನಮ್ಮದಲ್ಲ: ಎರಿಯಿಂದ, ಅಂದರೆ ಹುಳುಗಳು ಕಟ್ಟಿದ ಮೇಣದ ಹಲ್ಲೆಯಿಂದ, ಜೇನು ತೆಗೆಯುವ ಯಂತ್ರ. ತಗಡಿನ ಡ್ರಮ್ಮು, ಮೇಲೆ ತಿರುಗಿಸುವ ಹಿಡಿ. ಶಿವಮೊಗ್ಗದ ಗೋಪಾಳದಲ್ಲಿರುವ ಒಬ್ಬ ನಿವೃತ್ತ ಮೇಷ್ಟ್ರದ್ದು. ಜೇನಿನ ವಿಷಯದಲ್ಲಿ ಅವರೂ ನನ್ನ ಗಂಡನೂ ಜೊತೆಗಾರರು. ಬೇರೆಯವರ ಸಾಮಾನು ಮನೆಯಲ್ಲಿ ಉಳಿಯಬಾರದು ಎಂದು ಒಂದು ದಿನ ಅದನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿಗೆ ಹಾಕಿದೆ. "ಏನಕ್ಕಾ, ಊರಿಗೆಲ್ಲಾ ಮಜ್ಜಿಗೆ ಕಡೀತೀರಾ?" ಎಂದ ಕಂಡಕ್ಟರು. ನಗಬೇಕು ಎಂದು ಹೊಳೆಯುವಷ್ಟರಲ್ಲಿ ಅವನು ಮುಂದಿನ ಸೀಟಿಗೆ ಹೋಗಿದ್ದ.

ಮೇಷ್ಟ್ರು ಗೇಟಿನ ಹೊರಗೇ ನನ್ನನ್ನು ತಡೆದರು. ಅವರು ಸಾವಿಗೆ ಬಂದಿದ್ದರು, ಆರಾಧನೆಗೆ ಊರಲ್ಲಿರಲಿಲ್ಲ.

"ಯಂತ್ರ ಒಳಗೆ ಬೇಡಮ್ಮಾ, ಅಲ್ಲೇ ಇಡಿ. ಕುದಿಯೋ ನೀರು ಹಾಕದೆ ನನ್ನ ಗೂಡುಗಳ ಹತ್ರ ತರಲ್ಲ" ಎಂದರು. ಆಮೇಲೆ, "ಆ ಮೂರು ಪೆಟ್ಟಿಗೆ ಸುಟ್ರಾ?" ಎಂದು ಕೇಳಿದರು.

"ಯಾಕೆ ಸುಡಬೇಕು? ಹಂಚಿದ್ವಿ."

"ಒಳಗಿನ ಎರಿ ಸಮೇತ?"

"ಎರಿ ಸಮೇತ. ತೊಳೀಬಾರದು ನಮ್ಮಲ್ಲಿ."

ಮೇಷ್ಟ್ರು ಜಗಲಿಯ ಮೇಲೆ ಕೂತರು. ಅವರಿಗೆ ಯಾವುದನ್ನೂ ಪಾಠ ಮಾಡದೆ ಹೇಳಲು ಬರುವುದಿಲ್ಲ. ಅವತ್ತೂ ಬೆರಳು ಮಡಚಿ ಮಡಚಿ ಹೇಳಿದರು. ಮಳೆಗಾಲದಲ್ಲಿ ಇಬ್ಬರ ಗೂಡುಗಳಿಗೂ ಮರಿಹುಳುಗಳು ಸಾಯುವ ರೋಗ ಬಂದಿತ್ತು. ವೈರಸ್ಸು, ಔಷಧ ಇಲ್ಲ. ಖಾಲಿ ಪೆಟ್ಟಿಗೆಯಲ್ಲಿ ಅಷ್ಟಿಷ್ಟು ಜೇನು ಉಳಿದಿರುತ್ತದೆ, ಅದನ್ನು ಕದಿಯಲು ಬೇರೆ ಗೂಡಿನ ಹುಳುಗಳು ಬರುತ್ತವೆ, ಜೇನಿನ ಜೊತೆ ರೋಗವನ್ನೂ ಮನೆಗೆ ಒಯ್ಯುತ್ತವೆ. ಅದಕ್ಕೇ ಬಾಯಿಗೆ ಪೇಪರು. ಮಳೆ ಬಿಟ್ಟ ಮೇಲೆ ಎರಿಗಳನ್ನು ಸುಟ್ಟು, ಪೆಟ್ಟಿಗೆ ಕೆರೆದು, ಸೋಡಾ ನೀರಲ್ಲಿ ತೊಳೆದು, ಒಳಗೆಲ್ಲಾ ಬೆಂಕಿ ತೋರಿಸೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದರಂತೆ. ಇವತ್ತು ನಾಳೆ ಎನ್ನುತ್ತಾ ಚಳಿಗಾಲ ಬಂದಿತ್ತು.

"ಸೋಗಾನೆ ತಂಗೀದು ನಾಲ್ಕು ಗೂಡಿವೆಯಲ್ಲ? ಆ ಪೆಟ್ಟಿಗೆ ಬಾಯಿ ಬಿಚ್ಚಿದ್ರೆ ನಾಲ್ಕೂ ಹೋಗ್ತವೆ. ಅವರ ಕೈಯಿಂದ ಉಳಿದಿರೋದು ಅವು ನಾಲ್ಕೇ."

ಇದನ್ನು ಕೇಳಿ ನನಗೆ ಎದೆ ಧಸಕ್ಕೆನ್ನಬೇಕಿತ್ತು. ಏನೂ ಆಗಲಿಲ್ಲ. ಇನ್ಫೆಕ್ಷನ್ ಆದ ಟ್ರೇ ತಪ್ಪಿ ಥಿಯೇಟರಿಗೆ ಹೋಗಿದೆ ಎಂದು ಫೋನ್ ಬಂದರೆ ಏನು ಮಾಡುತ್ತೇನೋ ಅದು ತಲೆಗೆ ಬಂತು: ವಾಪಸ್ ತರಿಸಬೇಕು. ಬಸ್ಸಿಂದಲೇ ನಾದಿನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮನೆಗೆ ಬಂದು ಅತ್ತೆಗೆ ಹೇಳಿದೆ.

"ಕೊಟ್ಟಿದ್ದನ್ನ ಕೇಳ್ತಾರೇನೇ? ಅವನ ಆತ್ಮ ಏನಂದುಕೊಳ್ಳಲ್ಲ?" ಎಂದರು ಅತ್ತೆ.

"ಆತ್ಮಕ್ಕೆ ಜೇನಿನ ವಿಷಯ ನಮಗಿಂತ ಚೆನ್ನಾಗಿ ಗೊತ್ತು ಅತ್ತೆ."

ಅವರು ಮುಖ ಊದಿಸಿಕೊಂಡು ಒಳಗೆ ಹೋದರು.

ಮರುದಿನ ರಜೆ ಹಾಕಿ, ಯಾರಿಗೂ ಬೇಡವಾದ ಪೆಟ್ಟಿಗೆಯಿಂದ ಶುರುಮಾಡಿದೆ. ಬಿಚ್ಚುವ ಮೊದಲು ಕೋಲಿನಿಂದ ತಟ್ಟಿ, ದೂರ ನಿಂತು ಮುಚ್ಚಳ ತಳ್ಳಿದೆ. ಮೇಷ್ಟ್ರು ಹೇಳಿದ್ದರು, ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ಚೇಳಿರಬಹುದು, ಕಣಜ ಗೂಡು ಕಟ್ಟಿರಬಹುದು ಎಂದು. ಇದ್ದದ್ದು ಹಲ್ಲಿ ಮೊಟ್ಟೆ ಮತ್ತು ಮೇಣ ತಿನ್ನುವ ಹುಳುಗಳ ಬಲೆ. ಎರಿಗಳು ಕಪ್ಪಗೆ, ಮುಟ್ಟಿದರೆ ಪುಡಿ. ಜೇನು ಸಾಕುವವರು ಕೆಳಗಿನ ಅಂತಸ್ತಿಗೆ ಸಂಸಾರ ಕೋಣೆ ಎನ್ನುತ್ತಾರೆ. ಮರಿಗಳು ಬೆಳೆಯುವುದು ಅಲ್ಲಿ. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಅವರು ಆ ಮಾತನ್ನು ಎಷ್ಟು ಸರಾಗವಾಗಿ ಆಡುತ್ತಿದ್ದರು ಎಂದು ನೆನಪಾಯಿತು. ಎರಿಗಳನ್ನು ಚೌಕಟ್ಟಿನ ಸಮೇತ ಹಳೆಯ ಬಾಣಲೆಯಲ್ಲಿ ಹಾಕಿ ಬೆಂಕಿ ಕೊಟ್ಟೆ. ಮೇಣ ಧಗ್ಗೆಂದು ಹತ್ತುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಂಡಿದ್ದೆ.

ಆಮೇಲೆ ಅವರ ಚಪ್ಪಟೆ ಉಳಿಯಿಂದ ಕೆರೆದೆ. ಮೂಲೆಗಳಲ್ಲಿ ಕಂದು ಬಣ್ಣದ ಅಂಟು ಕಲ್ಲಾಗಿ ಕೂತಿತ್ತು. ಕೆರೆದ ಪುಡಿ ನೆಲಕ್ಕೆ ಬೀಳದಂತೆ ಪೇಪರು ಹಾಸಿ, ಆ ಪೇಪರನ್ನೂ ಸುಟ್ಟೆ. ಹಂಡೆಯಲ್ಲಿ ವಾಷಿಂಗ್ ಸೋಡಾ ಕದಡಿ ಕುದಿಸಿದೆ. ಉದ್ದ ಗ್ಲೌಸು, ಕಣ್ಣಿಗೆ ಆಸ್ಪತ್ರೆಯ ಕನ್ನಡಕ. ತೊಳೆದ ಹಲಗೆಗಳು ಬಿಸಿಲಲ್ಲಿ ಒಣಗಿದ ಮೇಲೆ ಅವರ ಬ್ಲೋ ಲ್ಯಾಂಪ್ ಹಚ್ಚಿ ಒಳಮೈಗೆಲ್ಲಾ ಅದರ ಉರಿ ತೋರಿಸಿದೆ. ಮರ ಇದ್ದಿಲಾಗಬಾರದು, ಕಾಫಿಪುಡಿಯ ಬಣ್ಣಕ್ಕೆ ಬಂದರೆ ಸಾಕು. ಸಂಜೆ ಕೈ ತೊಳೆಯುವಾಗ ಮೊಣಕೈ ಹತ್ತಿರ ಬೊಬ್ಬೆ ಕಂಡಿತು. ಯಾವಾಗ ಸುಟ್ಟಿತೋ ಗೊತ್ತೇ ಆಗಿರಲಿಲ್ಲ. ಸೀಳಿದ ತಳಕ್ಕೆ ಓಣಿಯ ಬಡಗಿಯ ಹತ್ತಿರ ಪಟ್ಟಿ ಹೊಡೆಸಿದೆ.

ಹಳೇ ಭದ್ರಾವತಿಯ ಪೆಟ್ಟಿಗೆ ಸುಲಭದಲ್ಲಿ ಮುಗಿಯಿತು. ಮೈದುನನ ಹೆಂಡತಿ ಅದರಲ್ಲಿ ಈರುಳ್ಳಿ ತುಂಬಿದ್ದಳು. ಎರಿಗಳು ಜಾಗ ತಿನ್ನುತ್ತವೆ ಎಂದು ಮೊದಲೇ ಒಲೆಗೆ ಹಾಕಿದ್ದಳು, ಇರುವೆ ಬರುತ್ತವೆಂದು ಒಳಗೆಲ್ಲಾ ಇರುವೆ ಪುಡಿ ಉದುರಿಸಿದ್ದಳು. "ಭಾವನ ನೆನಪಿಗೆ ದಿನಾ ಮುಟ್ತೀನಿ ಅಕ್ಕಾ" ಎಂದಳು. ಇರುವೆ ಪುಡಿ ಕುಡಿದ ಮರಕ್ಕೆ ಜೇನು ಬಿಟ್ಟರೆ ಸಾಯುತ್ತವೆ, ಎಷ್ಟು ತೊಳೆದರೂ ಹೋಗುವುದಿಲ್ಲ. "ಇದನ್ನ ಜೇನಿನವರಿಗೆ ಯಾರಿಗೂ ಕೊಡಬೇಡ. ಈರುಳ್ಳಿಯನ್ನೂ ಬೇರೆ ಬುಟ್ಟಿಗೆ ಹಾಕು" ಎಂದು ಹೇಳಿ ಬಂದೆ.

ಸೋಗಾನೆಗೆ ಮೇಷ್ಟ್ರ ಸ್ಕೂಟರಿನ ಹಿಂದೆ ಕೂತು ಹೋದೆ. ತೊಡೆಯ ಮೇಲೆ, ಅವಳದರ ಬದಲಿಗೆ ಕೊಡಲೆಂದು, ತೊಳೆದ ಪೆಟ್ಟಿಗೆ, ಒಳಗೆ ಹೊಸ ಚೌಕಟ್ಟುಗಳು. ನಾದಿನಿ ನಮ್ಮನ್ನು ನೋಡಿದವಳೇ ಓಡಿಬಂದು ನನ್ನ ಕೈ ಹಿಡಿದಳು. ಅವಳ ಮುಖದಲ್ಲಿ ಬೆಳಕಿತ್ತು. ಅವರು ಹೋದ ದಿನದಿಂದ ಅಂಥ ಮುಖವನ್ನು ನಾನು ಯಾರದ್ದೂ ನೋಡಿರಲಿಲ್ಲ.

"ಅತ್ತಿಗೆ, ನಾನೇ ಫೋನು ಮಾಡಬೇಕು ಅಂತಿದ್ದೆ. ಎದುರಿಗೇ ತೋರಿಸೋಣ ಅಂತ ಸುಮ್ನಿದ್ದೆ. ಬನ್ನಿ."

ಮನೆಯ ಮುಂದೆ ಹಲಸಿನ ಮರದ ಕೆಳಗೆ ಕಲ್ಲಿನ ಮೇಲೆ ಆ ಪೆಟ್ಟಿಗೆ ಇತ್ತು. ಬಾಯಿಯ ಪೇಪರು ತೆಗೆದಿದ್ದಳು. ಮುಚ್ಚಳಕ್ಕೆ ವಿಭೂತಿಯ ಮೂರು ಎಳೆ, ಮೇಲೆ ಒಂದು ಸೇವಂತಿಗೆ. ಬಾಯಿಯಲ್ಲಿ ಜೇನುಹುಳುಗಳು ಹೋಗಿ ಬಂದು ಮಾಡುತ್ತಿದ್ದವು.

"ಎರಡು ವಾರದ ಹಿಂದೆ ಅಣ್ಣನ ತಿಂಗಳ ಪೂಜೆ ಮಾಡಿ ಹೊರಗೆ ಬಂದೆ ಅತ್ತಿಗೆ. ಎಲ್ಲಿಂದಲೋ ಗುಂಯ್ ಅಂತ ಹಿಂಡು ಬಂತು. ನನ್ನ ನಾಲ್ಕು ಗೂಡಿನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಬಂದು ಇದರೊಳಗೇ ಹೋಯ್ತು. ಅಣ್ಣನೇ. ಬೇರೆ ಯಾರು ಬರ್ತಾರೆ ಹೇಳಿ?"

ಮೇಷ್ಟ್ರು ಕೆಮ್ಮಿದರು. ಹಳೆಯ ಮೇಣದ ವಾಸನೆಗೆ ಹಿಂಡು ಹುಡುಕಿಕೊಂಡು ಬರುತ್ತದೆ ಎಂದು ಅವರು ದಾರಿಯಲ್ಲಿ ಹೇಳಿದ್ದರು. ಈಗ ಹೇಳಲಿಲ್ಲ. ನಾನು ಹೇಳಬೇಕಾಯಿತು. ರೋಗದ ವಿಷಯ, ಪೇಪರಿನ ವಿಷಯ, ಎರಿ ಸುಡಬೇಕಾದ ವಿಷಯ, ಎಲ್ಲವನ್ನೂ ಪೇಷೆಂಟಿನ ಮನೆಯವರಿಗೆ ಹೇಳುವ ಧ್ವನಿಯಲ್ಲಿ ಹೇಳಿ ಮುಗಿಸಿದೆ.

ಅವಳು ನನ್ನ ಕೈ ಬಿಟ್ಟಳು. "ಬೆಂಕಿ ಹಾಕ್ತೀರಾ? ಇದಕ್ಕೆ?"

"ಒಳಗಿರೋ ಎರಿಗೆ. ಹುಳಗಳನ್ನ ಈ ಪೆಟ್ಟಿಗೆಗೆ ಹಾಕ್ತೀವಿ. ಅವರು ಇದ್ದಿದ್ರೆ ಅವರೇ ಸುಡ್ತಿದ್ರು ಕಣೇ."

"ಇಲ್ಲವಲ್ಲ!" ಎಂದು ಕಿರುಚಿದಳು. "ನಿಮಗೆ ಏನೂ ಅನ್ಸಲ್ವಾ ಅತ್ತಿಗೆ? ಅವತ್ತಿಂದ ನೋಡ್ತಿದೀನಿ. ಒಂದು ಹನಿ ಇಲ್ಲ ನಿಮ್ಮ ಕಣ್ಣಲ್ಲಿ. ಈಗ ಅವನು ಬಂದಿದಾನೆ, ಅವನನ್ನೂ ತೊಳೆಯೋಕೆ ಬಂದಿದೀರಾ?"

ಅವಳು ಕೇಳಿದ್ದು ಸರಿಯೇ ಇತ್ತು. ಸೋಗಾನೆಯ ನಿಲ್ದಾಣಕ್ಕೆ ಇಳಿಯುವ ವಿಮಾನವೊಂದು ತಲೆಯ ಮೇಲೆ ಸದ್ದು ಮಾಡುತ್ತಾ ಹೋಯಿತು.

ಆಮೇಲೆ ಮೇಷ್ಟ್ರೇ, "ಒಂದು ಸಲ ತೆಗೆದು ನೋಡೋಣಮ್ಮಾ. ಚೆನ್ನಾಗಿದ್ರೆ ಹಾಗೇ ಮುಚ್ತೀನಿ, ನನ್ನಾಣೆ" ಎಂದರು. ಅವಳು ಪೆಟ್ಟಿಗೆಯ ಮುಂದಿನಿಂದ ಪಕ್ಕಕ್ಕೆ ಸರಿದಳು. ತೆಂಗಿನ ನಾರಿನ ಹೊಗೆ ಕೊಟ್ಟು ಮುಚ್ಚಳ ಎತ್ತಿದರು. ಸೊಳ್ಳೆ ಪರದೆಯ ಬಟ್ಟೆಯನ್ನು ತಲೆಗೆ ಕಟ್ಟಿಕೊಂಡು ನಾನೂ ಬಗ್ಗಿದೆ. ಅಷ್ಟು ವರ್ಷ ಸಂಸಾರ ಮಾಡಿ, ಅವರ ಜೇನನ್ನು ನಾನು ಒಳಗಿನಿಂದ ನೋಡಿದ್ದು ಅವತ್ತೇ. ಹಳೆಯ ಕಪ್ಪು ಎರಿಯಲ್ಲೇ ರಾಣಿ ಮೊಟ್ಟೆ ಇಟ್ಟಿತ್ತು. ಮರಿಹುಳುಗಳು ಸುರುಳಿ ಸುತ್ತಿ ಮಲಗಿರಬೇಕು. ಅಲ್ಲಲ್ಲಿ ಕೆಲವು ನೆಟ್ಟಗೆ ಚಾಚಿಕೊಂಡು, ತಲೆ ಮೇಲೆತ್ತಿ ಸತ್ತಿದ್ದವು. ಮೇಷ್ಟ್ರು ಬೆಂಕಿಕಡ್ಡಿಯಿಂದ ಒಂದನ್ನು ಎತ್ತಿದರು. ಸಣ್ಣ ಚೀಲದ ಹಾಗೆ ಜೋತುಬಿತ್ತು, ಒಳಗೆ ನೀರು. ಅವರು ಅದನ್ನು ನಾದಿನಿಯ ಮುಂದೆ ಹಿಡಿದರು.

ಅವಳು ಬಗ್ಗಿ ನೋಡಿದಳು. "ಅಣ್ಣನ ಮನೇಲೂ ಹೀಗೇ ಆಗಿತ್ತಾ?"

"ಹೀಗೇ. ಆಮೇಲೆ ಎಲ್ಲಾ ಖಾಲಿ ಆದ್ವು."

"ನನ್ನ ನಾಲ್ಕು?"

ಮೇಷ್ಟ್ರು ಕೈ ತೊಳೆದುಕೊಂಡು ಹಿತ್ತಿಲಿಗೆ ಹೋಗಿ ನಾಲ್ಕನ್ನೂ ತೆಗೆದು ನೋಡಿ ಬಂದರು. ಸದ್ಯಕ್ಕೆ ಏನೂ ಇಲ್ಲ ಎಂದರು. ಅವಳು ಮುಚ್ಚಳದ ಮೇಲಿದ್ದ ಸೇವಂತಿಗೆಯನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. "ಮಾಡಿ" ಎಂದಳು.

ಮೇಷ್ಟ್ರು ಒಂದೊಂದೇ ಎರಿ ಎತ್ತಿ, ಹುಳುಗಳನ್ನು ಮೆತ್ತಗೆ ಕೊಡವಿ ತೊಳೆದ ಪೆಟ್ಟಿಗೆಗೆ ಇಳಿಸಿದರು. ರಾಣಿಯೂ ಇಳಿಯಿತು. ನಾನು ಹಿತ್ತಿಲ ಆಚೆ ಗುಂಡಿ ತೋಡಿ ಎರಿಗಳನ್ನು ಸುಟ್ಟು ಮಣ್ಣು ಮುಚ್ಚಿದೆ. ಬರಿದಾದ ನನ್ನ ಗಂಡನ ಪೆಟ್ಟಿಗೆಯನ್ನು ಅಲ್ಲೇ ಕೆರೆದೆ. ಹಿಡಿಯ ಹತ್ತಿರ ಅವರ ಬೆರಳುಗಳ ಎಣ್ಣೆಗಪ್ಪು ಇತ್ತು, ಸೋಡಾ ನೀರಿಗೆ ಅದೂ ಹೋಯಿತು. ನಾದಿನಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು.

ಕೊನೆಗೆ ಮೇಷ್ಟ್ರು ಹೊಸ ಗೂಡಿನ ಬಾಯಿಗೆ ಒಂದು ತಗಡಿನ ಜಾಲರಿ ಹಾಕಲು ಹೋದರು. ಅದರಲ್ಲಿ ಕೆಲಸದ ಹುಳುಗಳು ತೂರಬಹುದು, ದಪ್ಪ ಮೈಯ ರಾಣಿ ತೂರಲಾರದು. ರಾಣಿ ಹೊರಬರದಿದ್ದರೆ ಹಿಂಡೂ ಬಿಟ್ಟು ಹೋಗುವುದಿಲ್ಲ. ಎರಿ ಇಲ್ಲ, ಮರಿ ಇಲ್ಲ, ಹಾಕದಿದ್ದರೆ ಹಾರಿಹೋಗಬಹುದು ಎಂದರು.

"ಅದು ಬೇಡ" ಎಂದಳು ನಾದಿನಿ. "ಅಣ್ಣನ್ನ ಕೂಡಿಹಾಕಬೇಡಿ. ಇರೋದಾದ್ರೆ ಇರ್ಲಿ."

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಜಾಲರಿಯನ್ನು ಅವರ ಕೈಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡೆ. ಸ್ವಚ್ಛ ಮಾಡಲು ಬಂದಿದ್ದೆ, ಮಾಡಿಯಾಗಿತ್ತು.

ಮರುದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಸಿಂಕಿನ ಮುಂದೆ ನಿಂತಿದ್ದೆ. ಫೋನು ಬಂತು. ಪಕ್ಕದ ಹುಡುಗಿ ಅದನ್ನು ನನ್ನ ಕಿವಿಗೆ ಹಿಡಿದಳು, ನನ್ನ ಎರಡೂ ಕೈ ನೀರಲ್ಲಿದ್ದವು.

"ಅತ್ತಿಗೆ, ಅಣ್ಣ ಹೋದ" ಎಂದಳು ನಾದಿನಿ, ಅಳುತ್ತಾ.

"ಯಾವಾಗ?" ಎಂದು ಕೇಳಿದೆ.

"ಈಗ. ನಾನು ನೋಡ್ತಾನೇ ಇದ್ದೆ. ಒಮ್ಮೆಲೇ ಎದ್ದ. ಹಲಸಿನ ಮರ ಸುತ್ತಿ, ಮನೆ ಮೇಲೆ ಹಾದು ಹೋಗಿಬಿಟ್ಟ. ನಾನು ಕರೀಲಿಲ್ಲ ಅತ್ತಿಗೆ."

"ನಿನ್ನ ನಾಲ್ಕು?"

"ಅವು ಇವೆ."

ಒಳ್ಳೆಯದಾಯಿತು ಎಂದು ಹೇಳಲು ಬಾಯಿ ತೆರೆದೆ. ಅಣ್ಣ ಹೋದ ಎಂಬ ಎರಡೇ ಮಾತು ಕಿವಿಯಲ್ಲಿ ನಿಂತಿತ್ತು. ಈ ಸುದ್ದಿಯನ್ನು ಇಷ್ಟು ದಿನದಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಅವರು ಗೋಡೆಗೆ ಒರಗಿದಾಗ ಪಕ್ಕದಲ್ಲಿದ್ದವಳು ನಾನು. ಊರಿಗೆಲ್ಲಾ ಹೇಳಿದವಳು ನಾನೇ. ನನಗೆ ಯಾರು ಹೇಳುತ್ತಾರೆ? ಸಿಂಕಿನ ಕೆಳಗೆ ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ನನ್ನ ಗಂಟಲಿಂದ ಬಂದ ಕೂಗಿಗೆ ಪಕ್ಕದ ರೂಮಿನವರೆಲ್ಲಾ ಓಡಿಬಂದರು. ಗ್ಲೌಸು ತೆಗೆಯಲೂ ಬರಲಿಲ್ಲ, ಹಾಗೇ ಮುಖ ಮುಚ್ಚಿಕೊಂಡೆ.

ಹುಡುಗಿಯೂ ಪಕ್ಕದಲ್ಲಿ ಕೂತು ಫೋನನ್ನು ನನ್ನ ಕಿವಿಗೇ ಹಿಡಿದಿದ್ದಳು. ಆ ಕಡೆ ನಾದಿನಿಯ ಅಳು ನಿಂತಿತ್ತು.

"ಅಳಿ ಅತ್ತಿಗೆ," ಎಂದಳು, "ನಾನು ಫೋನ್ ಇಡಲ್ಲ."